ರೊಟ್ಟಿ ಅಳತೆಯಲ್ಲಿ ಮರುಭೂಮಿ

ಕುವೈತಿನಲ್ಲಿ ನನ್ನಷ್ಟು ಬಿಲಗಳಿಗೆ ಇಣುಕಿದ ಮನುಷ್ಯ ಇನ್ನೊಬ್ಬನಿಲ್ಲ. ಇದ್ದರೆ ಮುಂದೆ ಬರಲಿ, ಇಬ್ಬರೂ ಪ್ಯಾಂಟು ಮಡಚಿ ಮಂಡಿ ತೋರಿಸೋಣ. ಯಾರ ಮಂಡಿ ಹೆಚ್ಚು ಕಪ್ಪಗಿದೆಯೋ ಅವನೇ ಗೆದ್ದ.

ಇಪ್ಪತ್ತಾರು ವರ್ಷ ನಾನು ಮಾಡಿದ ಕೆಲಸ ಇಷ್ಟೇ. ಯಾರಾದರೂ ಮರುಭೂಮಿಯಲ್ಲಿ ಪೈಪು ಹೂಳಬೇಕು, ರಸ್ತೆ ಎಳೆಯಬೇಕು ಎಂದರೆ ಅವರಿಗಿಂತ ಮೊದಲು ಅಲ್ಲಿಗೆ ಹೋಗಿ ಏನು ಓಡಾಡುತ್ತಿದೆ, ಏನು ಅರಳಿದೆ ಎಂದು ಎಣಿಸಿ, ಅಳೆದು, ಫೋಟೋ ತೆಗೆದು ತರುವುದು. ಇಕಾಮಾ ಎಂಬ ಇಲ್ಲಿಯ ವಾಸದ ಪರವಾನಗಿಯಲ್ಲಿ ನನ್ನ ಹುದ್ದೆ 'ಸರ್ವೆ ಟೆಕ್ನಿಷಿಯನ್'. ಗದಗಿನಲ್ಲಿ ನನ್ನ ತಮ್ಮನನ್ನು ಯಾರಾದರೂ ಕೇಳಿದರೆ, "ನಮ್ಮಣ್ಣ ಅಲ್ಲಿ ಹಲ್ಲಿ ಎಣಸ್ತಾನ್ರಿ" ಎನ್ನುತ್ತಿದ್ದ. ಸುಳ್ಳೇನಲ್ಲ.

ಈಗ ಕೆಲಸದಿಂದ ಬಿಡುಗಡೆಯಾಗಿದೆ. ಇಕಾಮಾ ಮುಗಿಯಲು ಇನ್ನು ಮೂರು ವಾರ. ಅಬು ಹಲೀಫಾದ ನಮ್ಮ ನಾಲ್ಕನೇ ಮಹಡಿಯ ಮನೆಯಲ್ಲಿ ಪೆಟ್ಟಿಗೆಗಳ ನಡುವೆ ಕೂತು ಇದನ್ನು ಬರೆಯುತ್ತಿದ್ದೇನೆ. ಕಂಪನಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರೆಲ್ಲ ಡ್ರೋನು ಹಾರಿಸುವವರು. ನೆರಳಿನಲ್ಲಿ ನಿಂತು ಆಕಾಶದಿಂದ ಹೂವು ಎಣಿಸುತ್ತಾರೆ. ಎಣಿಸಲಿ. ಆದರೆ ಈ ಕೆಲಸದಲ್ಲಿ ತಪ್ಪು ಎಲ್ಲಿಂದ ಒಳಗೆ ನುಗ್ಗುತ್ತದೆ ಎಂಬುದು ಡ್ರೋನಿಗೆ ಕಾಣುವುದಿಲ್ಲ. ಅದಕ್ಕೆ ನನ್ನಂಥ ಪರಿಣತ ಬೇಕು. ತಪ್ಪು ಮಾಡುವುದರಲ್ಲಿ ಪರಿಣತ ಎಂದು ಓದಿಕೊಂಡರೂ ಬೇಸರವಿಲ್ಲ.

ಮೊದಲ ತಪ್ಪಿನಿಂದಲೇ ಶುರು ಮಾಡುತ್ತೇನೆ. ಸೇರಿದ ಹೊಸತು, ಏಪ್ರಿಲ್ ತಿಂಗಳು. ಒಂದು ಬಯಲಿನಲ್ಲಿ ಜರ್ಬೋವಾ ಬಿಲಗಳನ್ನು ಎಣಿಸಿ ಬಾ ಎಂದರು. ಜರ್ಬೋವಾ ಎಂದರೆ ಎರಡೇ ಕಾಲಿನ ಮೇಲೆ ಕುಪ್ಪಳಿಸುವ ಇಲ್ಲಿಯ ಇಲಿ. ನಾನು ಬಿಸಿಲಲ್ಲಿ ತೆವಳಿ ಅರವತ್ತನಾಲ್ಕು ಬಿಲ ಎಣಿಸಿ, ನಕ್ಷೆ ಬರೆದು, ಎದೆಯುಬ್ಬಿಸಿಕೊಂಡು ನಮ್ಮ ಮೇಲಧಿಕಾರಿ ಡಾಕ್ಟರ್ ಹಾತಿಮ್ ಮುಂದೆ ಇಟ್ಟೆ. ಅವರು ಈಜಿಪ್ಟಿನವರು, ದೊಡ್ಡ ಪ್ರಾಣಿತಜ್ಞ, ಸಣ್ಣ ತಾಳ್ಮೆ. ನನ್ನ ಹೆಸರು ಚನ್ನಬಸಪ್ಪ. ಅವರ ಬಾಯಿಗೆ 'ಚ' ಬರದೆ ನಾನು ಮೊದಲ ದಿನದಿಂದಲೇ ಶನ್ನಾ ಆಗಿದ್ದೆ.

ಅವರು ನಕ್ಷೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಯಾ ಶನ್ನಾ, ಈ ಇಲಿಗಳು ರೇಖಾಗಣಿತ ಕಲಿತಿವೆಯೇ?"

"ಯಾಕೆ ಸರ್?"

"ಎಲ್ಲ ಬಿಲಗಳೂ ಚೌಕ ಚೌಕವಾಗಿವೆ. ಒಂದೊಂದು ಬದಿಗೆ ನಾಲ್ಕು. ಸಾಲು ತಪ್ಪಿಲ್ಲ."

ಚಳಿಗಾಲದಲ್ಲಿ ಕುವೈತಿಗಳು ಕುಟುಂಬ ಸಮೇತ ಮರುಭೂಮಿಗೆ ಹೋಗಿ ಡೇರೆ ಹಾಕಿಕೊಂಡಿರುತ್ತಾರೆ. ಸೆಕೆ ಬಂದ ಕೂಡಲೇ ಡೇರೆ ಕಿತ್ತುಕೊಂಡು ಮನೆಗೆ ಮರಳುತ್ತಾರೆ. ನಾನು ಎಣಿಸಿದ್ದು ಆ ಡೇರೆಗಳ ಗೂಟ ಕಿತ್ತ ತೂತುಗಳನ್ನು. ಅರವತ್ತನಾಲ್ಕು ತೂತಿಗೂ ಇಣುಕಿದ್ದೆ, ಎರಡಕ್ಕೆ ಕಿವಿ ಇಟ್ಟು ಕೇಳಿದ್ದೆ, ಒಂದರಲ್ಲಿ ಇಲಿ ಉಸಿರಾಡುವ ಸದ್ದು ಕೇಳಿಸಿತೆಂದು ವರದಿಯಲ್ಲಿ ಬರೆದಿದ್ದೆ. ಆ ಸಾಲನ್ನು ಡಾಕ್ಟರ್ ಹಾತಿಮ್ ಇಪ್ಪತ್ತೈದು ವರ್ಷ ಎಲ್ಲರಿಗೂ ಓದಿ ಹೇಳಿದರು.

ಬೇಸಿಗೆ ಶುರುವಾಗುವ ಆ ಆರೇಳು ವಾರ ನಮ್ಮ ಕೆಲಸದ ಹಬ್ಬ. ಮಳೆಗೆ ಹುಟ್ಟಿದ ಸಣ್ಣ ಹುಲ್ಲೆಲ್ಲ ಒಣಗಿರುತ್ತದೆ, ಅರ್ಫಜ್ ಪೊದೆ ಮಾತ್ರ ಮೈತುಂಬ ಹಳದಿ ಹೂವು ಹೊತ್ತು ನಿಂತಿರುತ್ತದೆ. ವಿದ್ಯುತ್ ತಂತಿಯ ಮೇಲೆ ವಲಸೆ ಹೊರಟ ಜೇನುನೊಣ ಹಿಡುಕ ಹಕ್ಕಿಗಳು ಬಣ್ಣದ ಕ್ಲಿಪ್ಪು ಸಿಕ್ಕಿಸಿದ ಹಾಗೆ ಸಾಲಾಗಿ ಕೂತಿರುತ್ತವೆ. ಆಗ ನಮ್ಮೂರಿನ ನಿಸರ್ಗಪ್ರಿಯರಿಗೂ ಹುಚ್ಚು ಏರುತ್ತದೆ. ನಮ್ಮೂರು ಎಂದರೆ ಕುವೈತು. ಟೀಚರುಗಳು, ಔಷಧಿ ಅಂಗಡಿಯವರು, ಎಣ್ಣೆ ಕಂಪನಿಯ ಇಂಜಿನಿಯರುಗಳು, ಎಲ್ಲ ದೇಶದವರೂ ಸೇರಿದ ಒಂದು ವಾಟ್ಸಾಪ್ ಗುಂಪಿದೆ. ಎಲ್ಲಿ ಏನು ಕಂಡರೂ ಅದರಲ್ಲಿ ಹಾಕುತ್ತಾರೆ. ನಮ್ಮ ಸರ್ವೆ ಜಾಗದಲ್ಲಿ ಏನಾದರೂ ಕಂಡಿದೆ ಎಂದರೆ ಹೋಗಿ ಖಾತ್ರಿ ಮಾಡಿ ಬರುವುದು ನನ್ನ ಪಾಲಿನ ಕೆಲಸ. ಒಂದು ಮೇ ತಿಂಗಳಲ್ಲಿ, 'ಮರಳುಗಾಡಿನ ನಡುವೆ ಒಂಟಿ ಫ್ಲೆಮಿಂಗೋ, ಗಾಯಗೊಂಡಿದೆ, ಏಳುತ್ತಿಲ್ಲ' ಎಂದು ಒಬ್ಬರು ದೂರದಿಂದ ಫೋಟೋ ಹಾಕಿದರು. ನಾನು ನೀರಿನ ಬಕೆಟ್ಟು, ಟವೆಲ್ಲು, ರಟ್ಟಿನ ಪೆಟ್ಟಿಗೆ ಹಿಡಿದು ನಲವತ್ತು ಕಿಲೋಮೀಟರ್ ಹೋದೆ. ಅದು ಯಾರೋ ಪಿಕ್‌ನಿಕ್ಕಿಗೆ ಬಂದು ಬಿಟ್ಟುಹೋದ ಗುಲಾಬಿ ಬಣ್ಣದ ಈಜುವ ಟ್ಯೂಬು. ಕತ್ತು ಮಾತ್ರ ಗಾಳಿ ಉಳಿಸಿಕೊಂಡಿತ್ತು. ಆದರೂ ನೀರು ಚಿಮುಕಿಸಿ ನೋಡಿದೆ. ಕೆಲಸದಲ್ಲಿ ಅರ್ಧಂಬರ್ಧ ನನಗಾಗದು.

ಇಂಥ ಗುಂಪಿನಲ್ಲಿ ನಾನು ಸುಮ್ಮನಿರಲು ಸಾಧ್ಯವೇ? ಮಹಬೂಲಾದ ಅಗ್ಗದ ಸಾಮಾನಿನ ಅಂಗಡಿಯಲ್ಲಿ ಒಂದು ನೇರಳೆ ಬಣ್ಣದ ಪ್ಲಾಸ್ಟಿಕ್ ಹೂವು ತಂದೆ. ಅರ್ಫಜ್ ಪೊದೆಗಳ ನಡುವೆ ನೆಟ್ಟು, ಎಲೆಗೆ ಧೂಳು ಹಚ್ಚಿ, ಫೋಟೋ ತೆಗೆದು ಗುಂಪಿಗೆ ಹಾಕಿ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಇಟ್ಟೆ. ಒಂದು ತಾಸಿನೊಳಗೆ ಹೊಸ ಜಾತಿ ಎಂದರು. ಎರಡು ತಾಸಿನೊಳಗೆ ಅದಕ್ಕೆ ಯಾರ ಹೆಸರಿಡಬೇಕು ಎಂದು ಜಗಳವಾಯಿತು. ಮೈದಾನ್ ಹವಲ್ಲಿಯ ಹಲ್ಲಿನ ಡಾಕ್ಟರೊಬ್ಬರು ಅಂದಿನ ರೋಗಿಗಳನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿ, ಭೂತಗನ್ನಡಿ ಹಿಡಿದು ಬಂದು ಹೊಟ್ಟೆಯ ಮೇಲೆ ಮಲಗಿದರು. ಎಲೆ ಮಗುಚಿದರು. ಎಲೆಯ ಕೆಳಗೆ ಬಾರ್‌ಕೋಡ್ ಇತ್ತು.

ಮರುದಿನ ಡಾಕ್ಟರ್ ಹಾತಿಮ್ ಆ ಹೂವನ್ನು ನನ್ನ ಮೇಜಿನ ಮೇಲೆ ಲೋಟದಲ್ಲಿ ಇಟ್ಟಿದ್ದರು. "ಇನ್ನೊಂದು ಸಲ ಇಂಥದ್ದು ನಡೆದರೆ ಶನ್ನಾ, ಖಲಾಸ್. ನೀನಷ್ಟೇ ಅಲ್ಲ, ನಿನ್ನ ಜೊತೆ ಆ ವರದಿಗೆ ಕೈ ಹಾಕಿದವರೂ ಖಲಾಸ್." ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ರೊಟ್ಟಿಯ ವಿಷಯ. ನಮ್ಮ ಕೆಲಸದಲ್ಲಿ ಯಾವುದರ ಫೋಟೋ ತೆಗೆದರೂ ಪಕ್ಕದಲ್ಲಿ ಅಳತೆ ಗೊತ್ತಿರುವ ಒಂದು ವಸ್ತು ಇಡಬೇಕು. ಇಲ್ಲದಿದ್ದರೆ ಆಫೀಸಿನಲ್ಲಿ ಕೂತವರಿಗೆ ಇರುವೆ ಯಾವುದು ಒಂಟೆ ಯಾವುದು ತಿಳಿಯುವುದಿಲ್ಲ. ಕಂಪನಿ ಇದಕ್ಕೆಂದು ಕಪ್ಪುಬಿಳಿ ಪಟ್ಟೆಯ ಪ್ಲಾಸ್ಟಿಕ್ ಪಟ್ಟಿ ಕೊಟ್ಟಿತ್ತು. ಅದು ಬಿಸಿಲಿಗೆ ಬಾಳೆಹಣ್ಣಿನಂತೆ ಬಾಗುತ್ತಿತ್ತು, ಫಳಫಳ ಹೊಳೆದು ಪ್ರಾಣಿಗಳನ್ನು ಓಡಿಸುತ್ತಿತ್ತು. ಒಂದು ದಿನ ಗಾಳಿಗೆ ಹಾರಿ ಸೌದಿ ಕಡೆ ಹೊರಟೇ ಹೋಯಿತು. ನಾನಾಗ ಒಂದು ಧಬ್ ಬಿಲದ ಮುಂದೆ ಮಂಡಿಯೂರಿದ್ದೆ. ಧಬ್ ಎಂದರೆ ಮುಳ್ಳುಬಾಲದ ದೊಡ್ಡ ಹಲ್ಲಿ. ನಮ್ಮ ಉಡದ ದೂರದ ನೆಂಟನಂತೆ ಕಂಡರೂ ಸೊಪ್ಪು ತಿನ್ನುವ ಸಾಧು ಪ್ರಾಣಿ. ಅದರ ಬಿಲದ ಬಾಯಿ ಅರ್ಧಚಂದ್ರದ ಹಾಗಿರುತ್ತದೆ. ಬಾಯಿ ಎಷ್ಟು ಅಗಲವೋ ಒಳಗಿನ ಯಜಮಾನ ಅಷ್ಟು ದಪ್ಪ. ಹಾಗಾಗಿ ಬಿಲ ಅಳೆದರೆ ಹಲ್ಲಿ ಅಳೆದಂತೆ. ಪಟ್ಟಿ ಇಲ್ಲ, ಏನು ಮಾಡುವುದು? ಬುತ್ತಿ ಬಿಚ್ಚಿ ಒಂದು ಖಡಕ್ ಜೋಳದ ರೊಟ್ಟಿ ತೆಗೆದು ಬಿಲದ ಬಾಯಲ್ಲಿಟ್ಟು ಫೋಟೋ ಹೊಡೆದೆ.

ಆಫೀಸಿನಲ್ಲಿ ಡಾಕ್ಟರ್ ಹಾತಿಮ್ ಕುಣಿದಾಡಿದರು. "ಇದೇನಿದು? ಬ್ರೆಡ್ಡೇ? ಬ್ರೆಡ್ಡಿಗೆ ಅಳತೆ ಎಲ್ಲಿದೆ?"

"ಇದೆ ಸರ್. ನನ್ನ ಹೆಂಡತಿ ಮಾಡಿದ್ದು."

ನೀಲವ್ವನ ಕೈಯ ಬಗ್ಗೆ ನಿಮಗೆ ಗೊತ್ತಿಲ್ಲ. ಅವಳು ರೊಟ್ಟಿ ಬಡಿದರೆ ಕೈವಾರದಿಂದ ಗೆರೆ ಎಳೆದ ಹಾಗೆ. ಶುಕ್ರವಾರ ರಜೆಯ ದಿನ ಇಡೀ ವಾರದ ರೊಟ್ಟಿ ಬಡಿದು, ಬೇಯಿಸಿ, ಒಣಗಿಸಿ ಬಟ್ಟೆಯಲ್ಲಿ ಸುತ್ತಿ ಇಡುತ್ತಾಳೆ. ಡಾಕ್ಟರ್ ಹಾತಿಮ್ ಒಂದು ವಾರ ದಿನಾ ನನ್ನ ಬುತ್ತಿ ತೆಗೆಸಿ ಅಳೆದರು. ಇಪ್ಪತ್ತೆರಡು ಸೆಂಟಿಮೀಟರ್. ಮರುವಾರವೂ ಇಪ್ಪತ್ತೆರಡು. ನಮ್ಮ ಆಫೀಸಿನ ಅಳತೆಪಟ್ಟಿಗಳಲ್ಲೇ ಒಂದಕ್ಕೊಂದು ಹೊಂದುತ್ತಿರಲಿಲ್ಲ, ರೊಟ್ಟಿ ಹೊಂದುತ್ತಿತ್ತು. ಕೊನೆಗೆ ಅವರು ಕೆಲಸದ ಕ್ರಮದ ಪುಸ್ತಕದಲ್ಲಿ ಗಂಭೀರವಾಗಿ ಬರೆದರು: 'ದುಂಡನೆಯ ಬಿಲ್ಲೆ, ಇಪ್ಪತ್ತೆರಡು ಸೆಂ.ಮೀ., ಹೊಳಪಿಲ್ಲದ್ದು, ಬಿಸಿಲಿಗೆ ಬಾಗದ್ದು, ಪ್ರಾಣಿಗಳನ್ನು ಹೆದರಿಸದ್ದು.' ಹೆದರಿಸುವುದಿರಲಿ, ಒಂದು ಧಬ್ ಹೊರಬಂದು ಬಿಲ್ಲೆಯ ಅಂಚು ಮುರಿದು ತಿಂದು ನನ್ನ ಮುಖ ನೋಡಿತು, ಚಟ್ನಿ ಎಲ್ಲಿ ಎನ್ನುವ ಹಾಗೆ.

ಹೀಗೆ ಹದಿನಾಲ್ಕು ವರ್ಷ ಕುವೈತಿನ ಮರುಭೂಮಿ ನನ್ನ ಹೆಂಡತಿಯ ರೊಟ್ಟಿಯ ಅಳತೆಯಲ್ಲಿತ್ತು. ದಿನಕ್ಕೆ ನಾಲ್ಕು ರೊಟ್ಟಿ: ಒಂದು ವಿಜ್ಞಾನಕ್ಕೆ, ಮೂರು ನನಗೆ. ಸಂಜೆ ವಿಜ್ಞಾನದ್ದನ್ನೂ ಝಾಡಿಸಿ ನಾನೇ ತಿನ್ನುತ್ತಿದ್ದೆ. ನನ್ನ ಹೊಟ್ಟೆಯಲ್ಲಿ ಅರ್ಧ ಮರುಭೂಮಿ ಇದೆ.

ಹೋದ ವರ್ಷದ ಬೇಸಿಗೆಗೆ ಬರೋಣ. ಆಗ ಲವೀನಾ ಬಂದಳು. ಉಡುಪಿ ಕಡೆಯ ಕೊಂಕಣಿ ಹುಡುಗಿ, ಇಲ್ಲೇ ಬೇರೊಂದು ಆಫೀಸಿನಲ್ಲಿ ಕೆಲಸದಲ್ಲಿದ್ದವಳು. ಆ ಆಫೀಸು ಮುಚ್ಚಿತು. ನಮ್ಮಲ್ಲಿ ಫೋಟೋ ನೋಡಿ ಅಳತೆ ತೆಗೆದು ವರದಿ ಬರೆಯುವ ಕೆಲಸಕ್ಕೆ ಪರೀಕ್ಷಾ ಅವಧಿಗೆಂದು ಸೇರಿಕೊಂಡಳು. ಬೇಸಿಗೆ ವರದಿ ಪೈಪ್‌ಲೈನಿನವರ ಮುಂದೆ ಪಾಸಾದರೆ ಡಾಕ್ಟರ್ ಹಾತಿಮ್ ಅವಳ ಇಕಾಮಾ ಬದಲಾವಣೆಗೆ ಸಹಿ ಹಾಕುವುದು, ಇಲ್ಲವಾದರೆ ತಿಂಗಳ ಕೊನೆಗೆ ಅವಳು ಮಂಗಳೂರಿನ ವಿಮಾನ ಹತ್ತುವುದು ಎಂದು ಮಾತಾಗಿತ್ತು. ಅವಳು ನಗುನಗುತ್ತಲೇ ಕೆಲಸ ಮಾಡುತ್ತಿದ್ದಳು. ಆದರೆ ಮೇಜಿನ ಕೆಳಗೆ ಕಾಲು ಮಾತ್ರ ಹೊಲಿಗೆ ಮೆಷಿನ್ ತುಳಿದಂತೆ ಆಡುತ್ತಲೇ ಇರುತ್ತಿತ್ತು. ನಾನು ಅವಳನ್ನು ಕಾಡದ ದಿನವಿಲ್ಲ. ಆದರೂ ಯುಗಾದಿ ಊಟಕ್ಕೆ ಮನೆಗೆ ಕರೆದೆ. ನೀಲವ್ವ ಅವಳನ್ನು ಅಡುಗೆಮನೆಗೆ ಎಳೆದುಕೊಂಡವಳು ಎರಡು ತಾಸು ಬಿಡಲಿಲ್ಲ. ಒಳಗೆ ಏನೋ ಪಿಸುಮಾತು, ನಗು. ಹೆಂಗಸರ ಮಾತು ಎಂದು ನಾನು ಹೋಳಿಗೆಯ ಕಡೆ ಗಮನ ಕೊಟ್ಟೆ. ಹೋಳಿಗೆ ಎರಡೇ ಬಿತ್ತು. ಅದಕ್ಕೆ ಕಾರಣ, ಆ ತಿಂಗಳು ಡಾಕ್ಟರು ನನ್ನ ರಕ್ತ ನೋಡಿ, "ಸಕ್ಕರೆ ಜಾಸ್ತಿಯಾಗಿದೆ, ರೊಟ್ಟಿ ಅನ್ನ ಕಡಿಮೆ ಮಾಡಿ" ಎಂದಿದ್ದರು. ನಾನು ಮನೆಗೆ ಬಂದು ನೀಲವ್ವನಿಗೆ ಗುಡುಗಿದ್ದೆ: "ನಾಕು ರೊಟ್ಟಿ ಅಂದ್ರ ನಾಕು ರೊಟ್ಟಿ. ಒಂದು ಕಡಿಮಿ ಆದ್ರ ಬುತ್ತಿ ಒಯ್ಯಂಗಿಲ್ಲ." ಆಕೆ, "ಆತ್ರೀ, ನಾಕು ಅಂದ್ರ ನಾಕು" ಎಂದಳು. ಅಷ್ಟು ಬೇಗ ಒಪ್ಪಿದ್ದಕ್ಕೆ ನಾನು ಎಚ್ಚರವಾಗಬೇಕಿತ್ತು.

ಆ ಬೇಸಿಗೆಯಲ್ಲಿ ಮೂರು ವಿಚಿತ್ರ ಕಂಡವು. ಒಂದು, ನಮ್ಮ ಬಾಲ್ಕನಿಗೆ ಬಿಳಿಕೆನ್ನೆಯ ಬುಲ್‌ಬುಲ್‌ಗಳು ದಂಡು ಕಟ್ಟಿಕೊಂಡು ಬರತೊಡಗಿದವು. 'ಅಬು ಹಲೀಫಾದಲ್ಲಿ ಬುಲ್‌ಬುಲ್ ಸಂಖ್ಯೆ ಏರಿಕೆ' ಎಂದು ಗುಂಪಿಗೆ ಹಾಕಿದೆ, ಇಬ್ಬರು ಬಂದು ಎಣಿಸಿಕೊಂಡು ಹೋದರು. ಎರಡು, ನನ್ನ ಬೆಲ್ಟು ಎರಡು ತೂತು ಒಳಗೆ ಹೋಯಿತು. ಅರವತ್ತರ ಹತ್ತಿರ ಬಂದರೂ ಮರುಭೂಮಿ ನಡಿಗೆ ನನ್ನನ್ನು ಹೇಗೆ ಗಟ್ಟಿ ಮಾಡಿದೆ ನೋಡಿ ಎಂದು ಆಫೀಸಿನಲ್ಲಿ ಅಂಗಿ ಎತ್ತಿ ತೋರಿಸಿದೆ. ಮೂರು, ಧಬ್‌ಗಳು ಬೆಳೆಯತೊಡಗಿದವು.

ಮೊದಲು ಕಂಡವಳು ಲವೀನಾ. "ಅಂಕಲ್, ಈ ಬ್ಲಾಕಿನ ಧಬ್ ಎಂತ ತಿಂತಾವೆ ಮಾರಾಯ್ರೆ? ವಾರದಿಂದ ವಾರಕ್ಕೆ ದೊಡ್ಡದಾಗ್ತಾ ಉಂಟು." ನಾಲ್ಕು ವಾರದಲ್ಲಿ ಬಿಲಗಳ ಬಾಯಿ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚೇ ಅಗಲವಾಗಿತ್ತು. ಡಾಕ್ಟರ್ ಹಾತಿಮ್ ಮುಖ ಅರ್ಫಜ್ ಹೂವಿನ ಹಾಗೆ ಅರಳಿತು. ಮೂರು ದಿನ ಬಾಗಿಲು ಹಾಕಿಕೊಂಡು ಕಾರಣ ಹುಡುಕಿದರು. ಮಳೆ ಎಂದರು, ಮಣ್ಣಿನ ಉಪ್ಪು ಎಂದರು. ಪೈಪ್‌ಲೈನಿನವರ ಮುಂದೆ ತೋರಿಸುವ ಚಿತ್ರಗಳಿಗೆ 'ದೈತ್ಯ ಧಬ್' ಎಂದು ತಲೆಬರಹ ಕೊಟ್ಟರು. ವರದಿಯ ಕೆಳಗೆ ಲವೀನಾಳ ಹೆಸರು. ಸುದ್ದಿ ಅದು ಹೇಗೋ ನಿಸರ್ಗಪ್ರಿಯರ ಗುಂಪಿಗೆ ಹೋಯಿತು. ಹೇಗೋ ಎಂದರೆ ನಾನೇ ಹಾಕಿದೆ. ಶನಿವಾರ ಇಪ್ಪತ್ತು ಕಾರು ಬಂದವು. ಹಲ್ಲಿನ ಡಾಕ್ಟರೂ ಬಂದಿದ್ದರು. ಮೊದಲು ಹಲ್ಲಿಯ ಹೊಟ್ಟೆಯ ಕೆಳಗೆ ಬಾರ್‌ಕೋಡ್ ಇದೆಯೇ ಎಂದು ಕೇಳಿದರು. ಆಮೇಲೆ ದೂರದರ್ಶಕದಲ್ಲಿ ನೋಡಿ, "ಹೌದು, ದೊಡ್ಡದಾಗಿಯೇ ಕಾಣುತ್ತದೆ" ಎಂದರು. ಉಳಿದವರೂ ಹೌದೆಂದರು. ದೊಡ್ಡದು ಎಂದು ಹೇಳಿ ತೋರಿಸಿದರೆ ಎಲ್ಲವೂ ದೊಡ್ಡದಾಗಿಯೇ ಕಾಣುತ್ತದೆ. ಹೊಸಬರು ಇದೊಂದನ್ನು ಬರೆದಿಟ್ಟುಕೊಳ್ಳಿ.

ಪೈಪ್‌ಲೈನಿನವರ ಜೊತೆ ಸಭೆ ಗುರುವಾರ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ನಾನು ಬಯಲಲ್ಲಿದ್ದೆ. ಲವೀನಾಳ ಫೋನು.

"ಅಂಕಲ್." ದನಿಯಲ್ಲಿ ನಗು ಇರಲಿಲ್ಲ. "ಅರ್ಫಜ್ ಹೂವು ಸಹ ಬೆಳೆದಿದೆ. ಅಷ್ಟೇ ಪಾಲು."

"ಒಳ್ಳೇದಾತಲ್ಲ. ಒಳ್ಳೆ ಮಳಿ."

"ಒಂಟೆ ಹಿಕ್ಕೆ ಸಹ ಬೆಳೆದಿದೆ."

"ಒಂಟಿ ಚೊಲೊ ತಿಂದಿರಬೇಕು."

"ನಮ್ಮ ಪಿಕಪ್ಪಿನ ಟಯರ್ ಗುರುತು ಸಹ ಬೆಳೆದಿದೆ ಅಂಕಲ್! ಟಯರ್ ಎಂತ ತಿಂತದೆ?"

ನಾನು ತಿರುಗಿ ಪಿಕಪ್ಪಿನ ಕಡೆ ನೋಡಿದೆ. ಅವಳು ಬಿಡಲಿಲ್ಲ. "ನೀವು ಬಿಲ್ಲೆಯಲ್ಲಿ ಎಂತದೋ ತಮಾಷೆ ಮಾಡಿದ್ದೀರಿ. ನನಗೆ ಗೊತ್ತುಂಟು. ಪ್ಲಾಸ್ಟಿಕ್ ಹೂವಿನ ಕತೆ ಎಲ್ಲರೂ ಹೇಳಿದ್ದಾರೆ. ಆದ್ರೆ ಅಂಕಲ್, ಇದು ನನ್ನ ಇಕಾಮಾ. ನಾಡಿದ್ದು ಇದು ಸುಳ್ಳು ಅಂತಾದ್ರೆ ನಾನು ಪೆಟ್ಟಿಗೆ ಕಟ್ಟುದೇ."

"ನನ್ನ ಮಗಳ ಆಣಿ ಲವೀನಾ, ನಾ ಏನೂ ಮಾಡಿಲ್ಲ."

"ಮಗಳ ಆಣೆ ನೀವು ಆ ಹೂವಿನ ವಿಷಯದಲ್ಲೂ ಹಾಕಿದ್ದಿರಂತೆ" ಎಂದು ಫೋನಿಟ್ಟಳು.

ನನ್ನ ಜೀವಮಾನದಲ್ಲಿ ಮೊದಲ ಸಲ ಏನೂ ಮಾಡದೆ ಸಿಕ್ಕಿಬಿದ್ದಿದ್ದೆ. ಜೇಬಿನಿಂದ ಅಳತೆಪಟ್ಟಿ ತೆಗೆದು ಪಿಕಪ್ಪಿನ ಟಯರು ಅಳೆದೆ. ಯಾವಾಗಲೂ ಇದ್ದಷ್ಟೇ ಇತ್ತು. ಆಮೇಲೆ, ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ನಾನಾಗಿ ಮಾಡದ ಕೆಲಸ ಮಾಡಿದೆ. ಬುತ್ತಿ ಬಿಚ್ಚಿ ರೊಟ್ಟಿ ಅಳೆದೆ.

ಹದಿನೆಂಟು.

ಇನ್ನೊಂದು ಅಳೆದೆ. ಹದಿನೆಂಟು. ನಾಲ್ಕೂ ಹದಿನೆಂಟು. ಬಿಸಿ ಮರಳಿನ ಮೇಲೆ ಕೂತುಬಿಟ್ಟೆ. ಕೂತ ಜಾಗ ಸುಟ್ಟಿದ್ದೂ ಸ್ವಲ್ಪ ತಡವಾಗಿ ತಿಳಿಯಿತು.

ಮನೆಗೆ ಹೋದಾಗ ನೀಲವ್ವ ಬಾಲ್ಕನಿಯಲ್ಲಿ ಬುಲ್‌ಬುಲ್‌ಗಳಿಗೆ ಏನೋ ಹಾಕುತ್ತಿದ್ದಳು. ನಾನು ರೊಟ್ಟಿ ಮತ್ತು ಅಳತೆಪಟ್ಟಿ ಎರಡನ್ನೂ ಎದುರಿಗೆ ಹಿಡಿದೆ.

"ಇದೇನs ಇದು?"

ಅವಳು ರೊಟ್ಟಿ ನೋಡಲಿಲ್ಲ, ನನ್ನ ಬೆಲ್ಟು ನೋಡಿದಳು. "ಈಗ ಗೊತ್ತಾತ? ತಿಂಗಳಾತ್ರೀ. ಇರವಿ ಹೆಜ್ಜಿ ಕಾಣಸ್ತೈತಿ ನನಗ ಅಂತ ಊರೆಲ್ಲ ಹೇಳ್ಕೊಂಡು ತಿರಗ್ತೀರಿ."

"ಯಾಕ ಹಿಂಗ ಮಾಡಿದಿ?"

"ಡಾಕ್ಟರ್ ಹೇಳ್ಯಾರ ಕಡಿಮಿ ಮಾಡ್ರಿ ಅಂತ. ನೀವು ನಾಕs ಬೇಕು ಅಂದ್ರಿ. ನಾಕು ಕೊಟ್ಟೀನಿ. ಎಣಸ್ಕೊಳ್ರಿ."

"ಸಣ್ಣು ಬಡದೀಯಲ್ಲ!"

"ಬಡದಿಲ್ರಿ. ಬಡಿಯಾಕ ಈ ಕೈ ಕೇಳಬೇಕಲ್ಲ? ಮೂವತ್ತು ವರ್ಷದ ಕೈ, ತಾನs ಅಷ್ಟು ದೊಡ್ಡದು ಬಡೀತೈತಿ. ಅದಕ್ಕ ಬಿಸಿ ಇದ್ದಾಗ ಮ್ಯಾಲ ಮುಚ್ಚಳ ಇಟ್ಟು ಸುತ್ತ ಚಾಕು ಆಡಿಸ್ತಿದ್ದೆ. ವಾರಕ್ಕೊಂದು ಮುಚ್ಚಳ. ಮೊದಲ್ನೇ ವಾರ ಅನ್ನದ ಪಾತ್ರೀದು, ಆಮ್ಯಾಲ ಹಾಲಿಂದು, ಆಮ್ಯಾಲ ಸಾರಿಂದು, ಈಗ ಶೇಂಗಾ ಚಟ್ನಿ ಡಬ್ಬೀದು."

"ತಗದ ಅಂಚು?"

ಅವಳು ಬಾಲ್ಕನಿಯ ಕಡೆ ಕೈ ತೋರಿಸಿದಳು. ಹದಿನೈದು ಬುಲ್‌ಬುಲ್‌ಗಳು ಕಂಬಿಯ ಮೇಲೆ ಕೂತು ನನ್ನ ಪಾಲಿನ ರೊಟ್ಟಿ ತಿನ್ನುತ್ತಿದ್ದವು.

ಲವೀನಾಳ ವಿಷಯ ಹೇಳಿದೆ. ಆ ರೊಟ್ಟಿಯಿಂದ ಆ ಹುಡುಗಿ ಊರಿಗೆ ಹೋಗುವ ಹಾಗಾಗಿದೆ, ಯಾವ ಫೋಟೋದಲ್ಲಿ ರೊಟ್ಟಿ ಎಷ್ಟಿತ್ತೆಂದು ಹೇಳಲಾಗದಿದ್ದರೆ ಇಡೀ ಬೇಸಿಗೆಯ ಅಳತೆ ಕಸಕ್ಕೆ ಎಂದೆ. ಸದಾ ತಿರುಗಿ ಮಾತಾಡುವವಳು ಮೊದಲ ಸಲ ಮುಖ ಸಣ್ಣ ಮಾಡಿಕೊಂಡಳು. ಅಡುಗೆಮನೆಗೆ ಹೋಗಿ ಡಬರಿ ಸದ್ದು ಮಾಡಿ, ನಾಲ್ಕು ಮುಚ್ಚಳ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಯಾವ ವಾರ ಯಾವ ಮುಚ್ಚಳ ಅಂತ ನಾ ಹೇಳ್ತೀನಿ. ನಿಮ್ಮ ಮಾತು ಯಾರ ನಂಬ್ತಾರ? ನಾನs ಬರ್ತೀನಿ ನಡೀರಿ."

ಅಳೆದೆ. ಇಪ್ಪತ್ತೊಂದು, ಇಪ್ಪತ್ತು, ಹತ್ತೊಂಬತ್ತು, ಹದಿನೆಂಟು. ಒಂದೊಂದು ವಾರಕ್ಕೆ ಸರಿಯಾಗಿ ಒಂದೊಂದು ಸೆಂಟಿಮೀಟರ್. ಡಾಕ್ಟರ್ ಹಾತಿಮ್ ಹೇಳಿಕೊಟ್ಟಿದ್ದರೂ ಇಷ್ಟು ನೇಮ ಬರುತ್ತಿರಲಿಲ್ಲ.

ಲವೀನಾಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವಳು ಬೈಯುತ್ತಾಳೆಂದು ಕಿವಿಯಿಂದ ಸ್ವಲ್ಪ ದೂರ ಹಿಡಿದಿದ್ದೆ. ಬೈಗುಳ ಬರಲಿಲ್ಲ.

"ಲವೀನಾ?"

"ಸಾಯ್ಬಾ!" ಎಂದು ದೇವರನ್ನು ಕರೆದಳು. ಆಮೇಲೆ ಇಲಿಯ ದನಿಯಲ್ಲಿ, "ಅಂಕಲ್, ಅದು ನಾನೇ ಹೇಳಿದ್ದು ಆಂಟಿಗೆ. ಯುಗಾದಿ ದಿನ. ಒಂದೇ ಸಲ ಕಮ್ಮಿ ಮಾಡಿದ್ರೆ ಗಂಡಸರಿಗೆ ಗೊತ್ತಾಗ್ತದೆ, ವಾರಕ್ಕೆ ಚೂರು ಚೂರು ಮಾಡಿ ಅಂತ. ನಮ್ಮ ಪಪ್ಪನಿಗೆ ಮಮ್ಮಿ ಹಾಗೇ ಮಾಡಿದ್ದು."

"ಅದs ರೊಟ್ಟಿ ದಿನಾ ಫೋಟೋದಾಗ ನೋಡ್ತಿದ್ದಿ!"

"ಅದು ಬಿಲ್ಲೆ ಅಂಕಲ್. ಪುಸ್ತಕದಲ್ಲಿ ಇಪ್ಪತ್ತೆರಡು ಅಂತ ಬರೆದುಂಟು. ಅದು ರೊಟ್ಟಿ ಅಂತ ನನಗೆ ಯೋಚನೆಯೇ ಬರ್ಲಿಲ್ಲ."

ಈ ಕೆಲಸದಲ್ಲಿ ನಾನು ಕಂಡ ಎಲ್ಲ ತಪ್ಪುಗಳೂ ಕೊನೆಗೆ ಇಷ್ಟೇ. ಹೊಸ ಮಕ್ಕಳೇ, ನಿಮ್ಮ ಡ್ರೋನಿನಲ್ಲೂ ಎಲ್ಲೋ ಒಂದು ರೊಟ್ಟಿ ಇದ್ದೇ ಇರುತ್ತದೆ, ಹುಡುಕಿಕೊಳ್ಳಿ.

ಬುಧವಾರ ಇಡೀ ದಿನ ಲವೀನಾ ಎಲ್ಲ ಅಳತೆ ಮತ್ತೆ ತೆಗೆದಳು. ಧಬ್‌ಗಳು ಒಂದೊಂದಾಗಿ ಮೊದಲಿನ ಗಾತ್ರಕ್ಕೆ ಇಳಿದವು. ಡಾಕ್ಟರ್ ಹಾತಿಮ್‌ಗೆ ಹೇಳಲು ಇಬ್ಬರೂ ಅವರ ಕೋಣೆಗೆ ಹೋದೆವು. ಅವರು ಕೈ ಮೇಲೆತ್ತಿದರು. "ಪ್ಲಾಸ್ಟಿಕ್ ಹೂವು! ಇದು ಅದೇ ಪ್ಲಾಸ್ಟಿಕ್ ಹೂವು ಶನ್ನಾ! ನಾಳೆ ದೈತ್ಯ ಧಬ್ ಬರಲಿದೆ ಎಂದು ನಾನು ಅವರಿಗೆ ಹೇಳಿಯಾಗಿದೆ, ಈಗ ಬಂದು ರೊಟ್ಟಿ ಸಣ್ಣದಾಯಿತು ಎನ್ನುತ್ತೀಯಾ? ನಿನ್ನನ್ನು ನಂಬಿ ನಾನು ಒಂದು ಅಂಕಿಯನ್ನೂ ಬದಲಿಸುವುದಿಲ್ಲ." ಲವೀನಾ ಕಡೆ ತಿರುಗಿ, "ನಿನ್ನ ಕಾಗದ ನಾಳೆಯ ಸಭೆ ಮುಗಿದ ಮೇಲೆ ನೋಡೋಣ" ಎಂದರು. ಅವಳ ಕಾಲು ಆಡುವುದು ನಿಂತಿತ್ತು. ಅದು ನಿಂತದ್ದಕ್ಕೇ ನನಗೆ ಹೆದರಿಕೆಯಾಯಿತು.

ಗುರುವಾರ ಸಭೆಯ ಕೋಣೆಯಲ್ಲಿ ಪೈಪ್‌ಲೈನಿನ ಇಬ್ಬರು ಕುವೈತಿ ಇಂಜಿನಿಯರುಗಳು, ಬಿಳಿ ದಿಶ್‌ದಾಶ ನಿಲುವಂಗಿಯಲ್ಲಿ. ಹಿರಿಯವರಿಗೆ ನನ್ನಷ್ಟೇ ವಯಸ್ಸು, ನನಗಿಂತ ದೊಡ್ಡ ಹೊಟ್ಟೆ. ಪರದೆಯ ಮೇಲೆ 'ದೈತ್ಯ ಧಬ್' ಬಂತು. ಹಿರಿಯವರು ಹುಬ್ಬೇರಿಸಿದರು. "ನನ್ನ ಅಜ್ಜ ಈ ಬಯಲಲ್ಲೇ ಬೆಳೆದವರು. ಇಷ್ಟು ದೊಡ್ಡ ಧಬ್ ಅವರ ಕತೆಗಳಲ್ಲೂ ಇರಲಿಲ್ಲ."

ಆಗ ಬಾಗಿಲು ತೆರೆಯಿತು. ನೀಲವ್ವ, ಇಳಕಲ್ ಸೀರೆ, ಕೈಯಲ್ಲಿ ತರಕಾರಿ ಚೀಲ. ಕಾವಲುಗಾರನಿಗೆ ಏನು ಹೇಳಿ ಒಳಗೆ ಬಂದಳೋ ಇವತ್ತಿಗೂ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಅವಳಿಗೆ ಬರುವುದು ಎರಡೇ ಶಬ್ದ, ಅರಬ್ಬಿಯಲ್ಲಿ ಮೂರು. ಚೀಲದಿಂದ ನಾಲ್ಕು ಮುಚ್ಚಳ ತೆಗೆದು ಟಣ್ ಟಣ್ ಟಣ್ ಟಣ್ ಎಂದು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಇಪ್ಪತ್ತೆರಡು ಸೆಂಟಿಮೀಟರಿನ ಹೊಸ ರೊಟ್ಟಿಯೊಂದನ್ನು ಇಟ್ಟಳು.

"ಇಕಿ ತಪ್ಪಿಲ್ರಿ" ಎಂದು ಲವೀನಾಳನ್ನು ತೋರಿಸಿದಳು. "ಇವರದೂ ತಪ್ಪಿಲ್ರಿ, ಇದೊಂದು ಸಲ." ಇದು ನನಗೆ. "ತಪ್ಪು ನಂದು. ನನ್ನ ಗಂಡಗ ಸಕ್ಕರಿ ಐತಿ, ನಾ ರೊಟ್ಟಿ ಕೊಯ್ದೀನಿ. ಯಾವ ವಾರ ಎಷ್ಟು ಕೊಯ್ದೀನಿ ಕೇಳ್ರಿ, ಹೇಳ್ತೀನಿ."

ಲವೀನಾ ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಂದಳು. ನೀಲವ್ವ ಫೋಟೋ ನೋಡಿ ಮುಚ್ಚಳ ತೋರಿಸಿದಳು: ಇದು ಹಾಲಿಂದು, ಇದು ಸಾರಿಂದು. ಲವೀನಾ ಪರದೆಯ ಮೇಲೆ ಟಯರಿನ ಗುರುತು ತಂದು ಮುಚ್ಚಳದ ಲೆಕ್ಕ ಹಾಕಿದಳು. ಟಯರು ತನ್ನ ನಿಜವಾದ ಅಗಲಕ್ಕೆ ಬಂದು ನಿಂತಿತು. ನಾಲ್ಕು ವಾರ, ನಾಲ್ಕು ಸಲವೂ. ಡಾಕ್ಟರ್ ಹಾತಿಮ್ ಎದ್ದು ಮುಚ್ಚಳಗಳನ್ನು ತಾವೇ ಅಳೆದರು. ಒಮ್ಮೆ ಅಲ್ಲ, ಮೂರು ಸಲ.

ಹಿರಿಯ ಕುವೈತಿ ನಿಧಾನಕ್ಕೆ ತಮ್ಮ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡರು.

"ನನ್ನ ಮನೆಯಲ್ಲೂ ಎರಡು ತಿಂಗಳಿಂದ ಅನ್ನದ ತಟ್ಟೆ ಬೇಗ ಖಾಲಿಯಾಗುತ್ತಿದೆ" ಎಂದರು. ಅಲ್ಲೇ ಮನೆಗೆ ಫೋನು ಹಚ್ಚಿ ಅರಬ್ಬಿಯಲ್ಲಿ ಏನೋ ಕೇಳಿದರು. ಆ ಕಡೆಯಿಂದ ಹೆಂಗಸಿನ ದೊಡ್ಡ ನಗು ನಮಗೆಲ್ಲ ಕೇಳಿಸಿತು. ಅವರು ಫೋನಿಟ್ಟು ಹೇಳಿದರು: "ತಟ್ಟೆ ಬದಲಾಗಿದೆಯಂತೆ."

ಆಮೇಲೆ ಆ ಕೋಣೆಯಲ್ಲಿ ಎದ್ದ ನಗು ಮೂರು ಮಹಡಿ ಕೆಳಗೂ ಕೇಳಿರಬೇಕು. ಧಬ್‌ಗಳು ಎಂದಿನಷ್ಟೇ ದಪ್ಪ, ಬಿಲಗಳು ಎಂದಿನಷ್ಟೇ ಇವೆ, ಪೈಪನ್ನು ಒಂದು ಕಿಲೋಮೀಟರ್ ಬಳಸಿ ಹಾಕಬೇಕು ಎಂದು ಲವೀನಾ ಸರಿಯಾದ ಅಂಕಿ ಕೊಟ್ಟಳು. ಹಿರಿಯವರು ಒಪ್ಪಿದರು. "ತನ್ನ ತಪ್ಪನ್ನು ತಾನೇ ಟಯರಿನಲ್ಲಿ ಹಿಡಿದವಳು. ಇವಳ ವರದಿಯನ್ನು ನಾನು ನಂಬುತ್ತೇನೆ" ಎಂದರು. ಡಾಕ್ಟರ್ ಹಾತಿಮ್ ಅಂದೇ ಮಧ್ಯಾಹ್ನ ಅವಳ ಕಾಗದಕ್ಕೆ ಸಹಿ ಹಾಕಿದರು. ಹಾಕುವಾಗ ನನ್ನ ಮುಖ ನೋಡಲಿಲ್ಲ. ವರದಿಯ ಹಿಂದೆ ಒಂದು ಪುಟ ಸೇರಿತು, ನಾಲ್ಕು ಮುಚ್ಚಳಗಳ ಫೋಟೋ. ಪಕ್ಕದಲ್ಲಿ ಅಳತೆಗೆಂದು ಒಂದು ರೊಟ್ಟಿ.

ಯುಗಾದಿಯ ಸಲಹೆ ಯಾರದೆಂದು ಡಾಕ್ಟರ್ ಹಾತಿಮ್‌ಗೆ ಇವತ್ತಿಗೂ ಗೊತ್ತಿಲ್ಲ. ಆ ಗುಟ್ಟು ಇಟ್ಟುಕೊಂಡಿದ್ದಕ್ಕೆ ಲವೀನಾಳಿಂದ ಒಂದು ವರ್ಷ ದಿನಾ ಚಹಾ ತರಿಸಿಕೊಂಡೆ. ಸಕ್ಕರೆ ಇಲ್ಲದೆಯೇ ತರುತ್ತಿದ್ದಳು.

ನೀಲವ್ವನಿಗೆ ಅಂದೇ ಕಟ್ಟಾಜ್ಞೆ ಮಾಡಿದ್ದೆ: ನನ್ನ ನೌಕರಿ ಮುಗಿಯುವವರೆಗೆ ರೊಟ್ಟಿ ಇಪ್ಪತ್ತೆರಡರಿಂದ ಒಂದು ಎಳೆ ಕಡಿಮೆಯಾಗಕೂಡದು. ಆತ್ರೀ ಎಂದಳು. ಅವತ್ತಿನಿಂದ ದಿನಾ ಬೆಳಿಗ್ಗೆ ಬುತ್ತಿ ಕಟ್ಟುವ ಮೊದಲು ನಾನೇ ಪಟ್ಟಿ ಹಿಡಿದು ಅಳೆದಿದ್ದೇನೆ. ಒಂದು ದಿನವೂ ತಪ್ಪಿಲ್ಲ. ಹೆಂಡತಿಯನ್ನು ಗೆದ್ದ ಗಂಡ ಕುವೈತಿನಲ್ಲಿ ನಾನೊಬ್ಬನೇ ಎಂದು ಎಲ್ಲರಿಗೂ ಹೇಳಿಕೊಂಡೆ. ಬೆಲ್ಟು ಮಾತ್ರ ಯಾಕೋ ಇನ್ನೆರಡು ತೂತು ಒಳಗೆ ಹೋಯಿತು.

ಇವತ್ತು ಬೆಳಿಗ್ಗೆ ನೀಲವ್ವ ಊರಿಗೆ ಒಯ್ಯಲು ಹಂಚು ಮತ್ತು ಮುಚ್ಚಳಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ನಾನು ಕಿಟಕಿಯ ಪಕ್ಕ ತಿಂಡಿಗೆ ಕೂತು ರೊಟ್ಟಿ ಎತ್ತಿದೆ. ರೊಟ್ಟಿಯ ಒಳಗೆ ಏನೋ ಬೆಳ್ಳಗೆ ಅಲುಗಿತು. ಕಿಟಕಿಗೆ ಹಿಡಿದು ನೋಡಿದೆ. ರೊಟ್ಟಿಯ ಆಚೆ ಸಮುದ್ರ ಕಾಣುತ್ತಿತ್ತು. ಎರಡು ಕಡಲಕ್ಕಿಗಳು ಈ ಅಂಚಿನಿಂದ ಆ ಅಂಚಿಗೆ ಹಾರಿಹೋದವು.

"ನೀಲಾ, ಇದೇನು ಹಾಳಿ ಆಗೇತಲ್ಲs!"

"ಅಗಲ ಸರಿ ಐತೋ ಇಲ್ಲೋ? ಅಳೀರಿ ಬೇಕಾದ್ರ."

ಅಳೆದೆ. ಇಪ್ಪತ್ತೆರಡು.

ಫೋಟೋ ತೆಗೆದು ನಿಸರ್ಗಪ್ರಿಯರ ಗುಂಪಿಗೆ ಹಾಕಿದೆ: 'ಅಬು ಹಲೀಫಾ, ಬೆಳಿಗ್ಗೆ ಎಂಟು ಗಂಟೆ, ಕಡಲಕ್ಕಿ ಎರಡು. ರೊಟ್ಟಿಯ ಮೂಲಕ ಕಂಡದ್ದು.' ಯಾರೂ ನಂಬಲಿಲ್ಲ. ಹಲ್ಲಿನ ಡಾಕ್ಟರು ಬಾರ್‌ಕೋಡಿನ ಚಿತ್ರ ಹಾಕಿದರು.

ಲವೀನಾ ಮಾತ್ರ ತಕ್ಷಣ ಕೇಳಿದಳು: "ಈಗ ಎಷ್ಟು ದಪ್ಪಕ್ಕೆ ಇಳಿದಿದೆ ಅಂಕಲ್?"